ಓದುಗರ ಪತ್ರ ಮತ್ತು ಬರಹಗಾರನ ಹೊಣೆ

ಒಂದು ಪತ್ರಿಕೆಯ ಸ್ವಭಾವವನ್ನು ಅರಿಯಬೇಕಾದರೆ ಅದರ ಸಂಪಾದಕೀಯವನ್ನು ಓದುವುದಕ್ಕಿಂತ, ಅದರ ಕಚೇರಿಗೆ ಬರುವ ಓದುಗರ ಪತ್ರಗಳ ಗತಿ ಏನಾಗುತ್ತದೆಂದು ನೋಡುವುದು ಲೇಸು. ಹೊಗಳಿಕೆಯ ಪತ್ರಕ್ಕೆ ಮುಂದಿನ ಸಂಚಿಕೆಯಲ್ಲೇ ಸ್ಥಾನ ಸಿಗುತ್ತದೆ. ನೀವು ಉಲ್ಲೇಖಿಸಿದ ಹದೀಸ್ ಆ ಗ್ರಂಥದಲ್ಲಿಲ್ಲ, ಇಂತಹ ಗ್ರಂಥದಲ್ಲಿದೆ ಎಂದು ತಿದ್ದಿ ಬರೆದವರ ಪತ್ರ ಸ್ಥಳಾಭಾವಕ್ಕೆ ಬಲಿಯಾಗುತ್ತದೆ. ಮಗಳ ಮದುವೆಗೆ ವರನ ಕಡೆಯವರು ಕೇಳಿದ ಪವನುಗಳ ಲೆಕ್ಕ ಕೊಟ್ಟು, ಈ ವ್ಯವಹಾರಕ್ಕೆ ಸಾಕ್ಷಿಯಾಗಿ ಕುಳಿತ ಜಮಾಅತ್‌ನ ಹಿರಿಯರ ಬಗ್ಗೆ ದೀನ್ ಏನು ಹೇಳುತ್ತದೆ ಎಂದು ಕೇಳಿದ ತಾಯಿಯ ಪತ್ರ ಡ್ರಾಯರಿನ ತಳ ಸೇರುತ್ತದೆ. ಅದರಲ್ಲಿ ಹೆಸರಿಲ್ಲ, ವಿಳಾಸವಿಲ್ಲ ಎಂಬ ಕಾರಣವಂತೂ ಸದಾ ಸಿದ್ಧವಾಗಿರುತ್ತದೆ. ಹೆಸರು, ವಿಳಾಸ ಬರೆಯಬಲ್ಲ ಸ್ಥಿತಿಯಲ್ಲಿ ಆಕೆ ಇದ್ದಿದ್ದರೆ ಪತ್ರಿಕೆಗೆ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲವೆಂದು ಯಾರಿಗೂ ಹೊಳೆಯುವುದಿಲ್ಲ.

ಇದು ಒಂದೆರಡು ಪತ್ರಿಕೆಗಳ ಮಾತಲ್ಲ. ಸಮುದಾಯದ ಹೆಸರಿನಲ್ಲಿ ಬರೆಯುವ ನಾವೆಲ್ಲರೂ ಒಂದು ವಿಚಿತ್ರ ಅಭ್ಯಾಸಕ್ಕೆ ಒಗ್ಗಿಹೋಗಿದ್ದೇವೆ. ಹೊರಗಿನ ರಾಜಕಾರಣಿಯೊಬ್ಬ ಇಸ್ಲಾಮಿನ ಬಗ್ಗೆ ಅರ್ಧ ವಾಕ್ಯ ಆಡಿದರೆ ಅದಕ್ಕೆ ನಾಲ್ಕು ಪುಟಗಳ ಉತ್ತರ ಅಚ್ಚಾಗುತ್ತದೆ. ಆತ ನಮ್ಮ ಪತ್ರಿಕೆಯನ್ನು ಕೈಯಲ್ಲಿ ಹಿಡಿಯುವವನೂ ಅಲ್ಲ. ಆದರೆ ಪ್ರತಿ ವಾರ ಚಂದಾ ಕೊಟ್ಟು ಓದುವವನು, ಓದಿದ್ದನ್ನು ಜುಮುಅ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಚರ್ಚಿಸುವವನು, ಒಪ್ಪಿಗೆಯಾಗದೆ ಎರಡು ಪುಟ ಬರೆದು ಕಳುಹಿಸುವವನು ನಮ್ಮಿಂದ ಒಂದು ಸಾಲಿನ ಉತ್ತರವನ್ನೂ ಪಡೆಯುವುದಿಲ್ಲ. ವಿರೋಧಿಗೆ ಉತ್ತರ, ಓದುಗನಿಗೆ ಮೌನ. ಈ ಕ್ರಮ ನಮಗೆ ಎಲ್ಲಿಂದ ಬಂತು? ನಮ್ಮ ಪರಂಪರೆಯಿಂದಂತೂ ಬಂದಿಲ್ಲ.

ಪವಿತ್ರ ಕುರ್‌ಆನನ್ನು ಓದುವವರಿಗೆಲ್ಲ ಪರಿಚಿತವಾದ ಒಂದು ಶೈಲಿಯಿದೆ. ಜನರು ನಿಮ್ಮೊಡನೆ ಇಂತಹ ವಿಷಯ ಕೇಳುತ್ತಾರೆ ಎಂದು ಆರಂಭಿಸಿ, ಅದಕ್ಕೆ ಹೀಗೆ ಉತ್ತರಿಸಿರಿ ಎಂದು ಪ್ರವಾದಿಯವರಿಗೆ(ಸ) ಸೂಚಿಸುವ ವಚನಗಳು ಹತ್ತಕ್ಕೂ ಹೆಚ್ಚು ಕಡೆಗಳಲ್ಲಿವೆ. ಬಾಲಚಂದ್ರನ ಕುರಿತು, ಮದ್ಯ ಮತ್ತು ಜೂಜಿನ ಕುರಿತು, ಅನಾಥರ ಕುರಿತು, ಋತುಸ್ರಾವದ ಕುರಿತು, ಆತ್ಮದ ಕುರಿತು ಜನರು ಕೇಳಿದರು, ಉತ್ತರ ಬಂತು. ಪ್ರಶ್ನೆಯನ್ನು ಅಳಿಸಿ ಉತ್ತರವನ್ನಷ್ಟೇ ಉಳಿಸಿಕೊಳ್ಳಬಹುದಿತ್ತು. ಆದರೆ ಪ್ರಶ್ನೆಯೂ ಗ್ರಂಥದ ಭಾಗವಾಗಿ ಉಳಿಯಿತು. ಪತಿಯು ‘ನೀನು ನನಗೆ ತಾಯಿಯ ಬೆನ್ನಿನಂತೆ’ ಎಂದು ಹೇಳಿ ದೂರವಿರಿಸಿದಾಗ ನೇರವಾಗಿ ಪ್ರವಾದಿಯವರ(ಸ) ಬಳಿಗೆ ಬಂದು ವಾದಿಸಿದ ಖೌಲಾರ(ರ) ಪ್ರಕರಣದಿಂದಲೇ ಒಂದು ಇಡೀ ಅಧ್ಯಾಯಕ್ಕೆ ‘ಅಲ್ ಮುಜಾದಲ’ ಎಂಬ ಹೆಸರು ಬಂದಿದೆ. ಆಕೆ ಸಮಾಧಾನದಿಂದ ಕೇಳಿದವಳಲ್ಲ, ವಾದಿಸಿದವಳು, ದೂರಿದವಳು. ಪಕ್ಕದಲ್ಲೇ ಇದ್ದ ಆಯಿಶಾರಿಗೆ(ರ) ಪೂರ್ತಿ ಕೇಳಿಸದ ಆ ಮೆಲುದನಿಯ ಅಹವಾಲು ಏಳು ಆಕಾಶಗಳಾಚೆ ಕೇಳಿಸಿತು ಎಂದು ನಮ್ಮ ಖತೀಬರು ಭಾವುಕರಾಗಿ ವಿವರಿಸುವುದುಂಟು. ಅದೇ ಮಹಲ್ಲ್‌ನ ಮಹಿಳೆಯೊಬ್ಬರು ಅಂತಹದೇ ಅಹವಾಲನ್ನು ಬರೆದು ಕೊಟ್ಟರೆ ಅದು ಎಷ್ಟು ದೂರ ಕೇಳಿಸುತ್ತದೆ ಎಂಬುದು ಬೇರೆ ವಿಷಯ.

‘ಅಬಸ’ ಅಧ್ಯಾಯದ ಹಿನ್ನೆಲೆಯೂ ಬರಹಗಾರರು ಮರೆಯಬಾರದಂತಹದು. ಕುರೈಶ್ ಪ್ರಮುಖರೊಡನೆ ಪ್ರವಾದಿಯವರು(ಸ) ಮಾತುಕತೆಯಲ್ಲಿದ್ದಾಗ ದೃಷ್ಟಿಹೀನರಾದ ಇಬ್ನು ಉಮ್ಮು ಮಕ್ತೂಮ್(ರ) ಏನನ್ನೋ ಕಲಿಯಲು ಬಂದು ನಡುವೆ ಕೇಳಿದರು. ಆ ಕ್ಷಣದ ಅಸಮಾಧಾನವನ್ನು ಅಲ್ಲಾಹನು ತಿದ್ದಿದನು. ಪ್ರತಿಷ್ಠಿತರನ್ನು ಮನವೊಲಿಸುವ ಕಾರ್ಯ ಮಹತ್ವದ್ದೇ ಆಗಿತ್ತು. ಆದರೂ ಕಲಿಯಲು ಬಂದ ಸಾಮಾನ್ಯನ ಪ್ರಶ್ನೆ ಅದಕ್ಕಿಂತ ಕಡಿಮೆಯದ್ದಾಗಲಿಲ್ಲ. ಮಂತ್ರಿಯ ಹೇಳಿಕೆಗೆ ಮುಖಪುಟವನ್ನೂ ಓದುಗನ ಪ್ರಶ್ನೆಗೆ ಕಸದ ಬುಟ್ಟಿಯನ್ನೂ ಮೀಸಲಿಡುವವರು ಈ ಅಧ್ಯಾಯವನ್ನು ನಮಾಝಿನಲ್ಲಿ ಎಷ್ಟು ಬಾರಿ ಓದಿರಬಹುದು!

ಪ್ರಶ್ನೆಗೆ ಉತ್ತರಿಸುವ ಕ್ರಮವನ್ನು ನಮ್ಮ ಪೂರ್ವಿಕ ವಿದ್ವಾಂಸರು ಒಂದು ಶಾಸ್ತ್ರವಾಗಿಯೇ ಬೆಳೆಸಿದ್ದರು. ಇಬ್ನು ಸಲಾಹ್, ಇಮಾಮ್ ನವವಿ ಮುಂತಾದವರು ಫತ್ವಾ ನೀಡುವವರ ಮತ್ತು ಕೇಳುವವರ ಶಿಷ್ಟಾಚಾರಗಳ ಕುರಿತು ಬರೆದ ಪುಟಗಳನ್ನು ಮದ್ರಸದಲ್ಲಿ ಓದುವಾಗ ಅವು ಕೇವಲ ಮುಫ್ತಿಗಳಿಗೆ ಸಂಬಂಧಿಸಿದ್ದೆಂದು ತೋರುತ್ತವೆ. ಪತ್ರಿಕೆಯ ಮೇಜಿನ ಮುಂದೆ ಕುಳಿತವರಿಗೆ ಅವುಗಳ ಬೆಲೆ ತಿಳಿಯುತ್ತದೆ. ಕೋಪದಲ್ಲಿರುವಾಗ, ಹಸಿದಿರುವಾಗ, ನಿದ್ದೆಯ ಮಂಪರಿನಲ್ಲಿರುವಾಗ ಉತ್ತರಿಸಬಾರದು. ಕೇಳುವವನು ಮಂದಮತಿಯಾಗಿದ್ದರೆ ತಾಳ್ಮೆಯಿಂದ ಅವನ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಬೇಕು. ಪ್ರಶ್ನೆಯ ಕಾಗದವನ್ನು ಕೊನೆಯ ಸಾಲಿನವರೆಗೆ ಓದಬೇಕು, ಏಕೆಂದರೆ ಇಡೀ ಪ್ರಶ್ನೆಯ ಮರ್ಮ ಕೊನೆಯ ಪದದಲ್ಲಿ ಅಡಗಿರಬಹುದು. ಕಾಗದದಲ್ಲಿ ಖಾಲಿ ಜಾಗವಿದ್ದರೆ ಅದರ ಮೇಲೆ ಗೆರೆಯೆಳೆದು ತುಂಬಬೇಕು. ಉತ್ತರ ಪಡೆದ ಬಳಿಕ ಯಾರಾದರೂ ಅಲ್ಲಿ ಬೇರೇನನ್ನೋ ಬರೆದು ಸೇರಿಸುವ ಅಪಾಯವುಂಟು. ಒಬ್ಬರ ಮಾತನ್ನು ಅರ್ಧ ಕತ್ತರಿಸಿ, ಬೇಕಾದ್ದನ್ನು ಅಂಟಿಸಿ ಮೊಬೈಲಿನಿಂದ ಮೊಬೈಲಿಗೆ ಹರಡುವ ಇಂದಿನ ಕಾಲದವರು ಆ ಗೆರೆಯ ವಿವೇಕವನ್ನು ಬೇಗನೆ ಅರ್ಥಮಾಡಿಕೊಂಡಾರು.

ಇಮಾಮ್ ಮಾಲಿಕ್‌ರ ಬಳಿ ಒಮ್ಮೆ 48 ಪ್ರಶ್ನೆಗಳನ್ನು ಕೇಳಲಾಗಿ ಅವುಗಳಲ್ಲಿ 32ಕ್ಕೆ ‘ನನಗೆ ತಿಳಿಯದು’ ಎಂದು ಉತ್ತರಿಸಿದರೆಂಬ ವರದಿ ಪ್ರಸಿದ್ಧವಾಗಿದೆ. ಮದೀನಾದ ಮಹಾನ್ ಇಮಾಮರಿಗೆ ಇದ್ದ ಈ ಧೈರ್ಯ ನಮ್ಮ ಅಂಕಣಕಾರರಲ್ಲಿ ಅಪರೂಪ. ಬ್ಯಾಂಕ್ ವ್ಯವಹಾರದಿಂದ ಹಿಡಿದು ಅಂಗಾಂಗ ದಾನದವರೆಗೆ ಯಾವುದೇ ಪ್ರಶ್ನೆ ಬರಲಿ, ಎಂಟು ಸಾಲಿನ ಉತ್ತರ ತಯಾರು.

ಆಧುನಿಕ ಪತ್ರಿಕೋದ್ಯಮದಲ್ಲಿ ಈ ಪರಂಪರೆಯನ್ನು ಮುಂದುವರಿಸಿದವರಲ್ಲಿ ಅಗ್ರಗಣ್ಯರು ಕೈರೋದ ರಶೀದ್ ರಿಝಾ. 1898ರಲ್ಲಿ ಅವರು ‘ಅಲ್ ಮನಾರ್’ ಪತ್ರಿಕೆಯನ್ನು ಆರಂಭಿಸಿದರು. 1903ರಿಂದ ಅದರಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ವಿಭಾಗ ಶುರುವಾಗಿ, 1935ರಲ್ಲಿ ಅವರು ನಿಧನರಾಗುವವರೆಗೂ ನಡೆಯಿತು. ಆ ಉತ್ತರಗಳನ್ನು ಬಳಿಕ ಸಂಗ್ರಹಿಸಿದಾಗ ಸಾವಿರಕ್ಕೂ ಮೀರಿ, ಆರು ಸಂಪುಟಗಳಾದವು. ವಿಭಾಗದ ತಲೆಬರಹದ ಕೆಳಗೆ ಅವರು ಪ್ರಕಟಿಸುತ್ತಿದ್ದ ಷರತ್ತುಗಳು ಸ್ವಾರಸ್ಯಕರವಾಗಿವೆ. ಪ್ರಶ್ನೆ ಕೇಳುವವರು ತಮ್ಮ ಹೆಸರು, ಊರು, ಉದ್ಯೋಗವನ್ನು ಸಂಪಾದಕರಿಗೆ ತಿಳಿಸಬೇಕು. ಆದರೆ ಅಚ್ಚಿನಲ್ಲಿ ಕೇವಲ ಅಕ್ಷರ ಸಂಕೇತ ಸಾಕೆಂದು ಅವರು ಬಯಸಿದರೆ ಹಾಗೆಯೇ ಆಗಲಿ. ಸಾಮಾನ್ಯವಾಗಿ ಬಂದ ಕ್ರಮದಲ್ಲೇ ಉತ್ತರ. ಎರಡು ಮೂರು ತಿಂಗಳು ಕಳೆದರೂ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಬಹುದು. ಆಗಲೂ ಬರದಿದ್ದರೆ ಉತ್ತರಿಸದಿರಲು ಸಂಪಾದಕರ ಬಳಿ ಸಕಾರಣವಿದೆ ಎಂದು ತಿಳಿಯಬೇಕು. ಎಷ್ಟು ಪ್ರಾಮಾಣಿಕವಾದ ಒಪ್ಪಂದ! ಓದುಗನಿಗೆ ನೆನಪಿಸುವ ಹಕ್ಕನ್ನು ಸಂಪಾದಕರೇ ಬರೆದು ಕೊಟ್ಟಿದ್ದಾರೆ. ಹೆಸರಿನ ವಿಷಯದಲ್ಲಿ ನಾವು ನೂರಿಪ್ಪತ್ತು ವರ್ಷಗಳ ಬಳಿಕವೂ ಕಾಣದ ಪರಿಹಾರ ಅಲ್ಲಿದೆ. ಸಂಪಾದಕನಿಗೆ ಗೊತ್ತಿರಲಿ, ಊರಿಗೆ ಗೊತ್ತಾಗದಿರಲಿ.

ಈ ಪತ್ರಗಳು ಈಜಿಪ್ಟಿನಿಂದಷ್ಟೇ ಬರುತ್ತಿರಲಿಲ್ಲ. ಜಾವಾ, ಸಿಂಗಾಪುರ, ರಷ್ಯಾ, ಭಾರತ, ಎಲ್ಲೆಡೆಗಳಿಂದ ಬರುತ್ತಿದ್ದವು. 1903ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನ ಮುಸ್ಲಿಮರೊಬ್ಬರು ಈಜಿಪ್ಟಿನ ಮಹಾ ಮುಫ್ತಿಗಳಾಗಿದ್ದ ಮುಹಮ್ಮದ್ ಅಬ್ದುಹು ಅವರ ಮುಂದೆ ಮೂರು ಪ್ರಶ್ನೆಗಳನ್ನಿಟ್ಟರು. ವ್ಯವಹಾರದ ನಿಮಿತ್ತ ಯುರೋಪಿಯನ್ ಟೊಪ್ಪಿ ಧರಿಸಬಹುದೇ, ಅಲ್ಲಿನ ಕ್ರೈಸ್ತರು ಕೊಯ್ದ ಮಾಂಸ ತಿನ್ನಬಹುದೇ, ಶಾಫಿಈಗಳು ಹನಫೀ ಇಮಾಮರ ಹಿಂದೆ ನಮಾಝ್ ಮಾಡಬಹುದೇ? ಅಬ್ದುಹು ಅನುಮತಿಯ ಉತ್ತರ ಕೊಟ್ಟರು. ಕೈರೋದಲ್ಲಿ ಅವರ ವಿರೋಧಿಗಳ ಪತ್ರಿಕೆಗಳು ಮುಫ್ತಿಯ ಮೇಲೆ ಮುಗಿಬಿದ್ದವು. ದೂರದೇಶದಲ್ಲಿ ಅಲ್ಪಸಂಖ್ಯಾತರಾಗಿ ಬದುಕುವವರ ನಿತ್ಯದ ಇಕ್ಕಟ್ಟು ಏನೆಂದು ಆ ಟೀಕಾಕಾರರಿಗೆ ಬೇಕಾಗಿರಲಿಲ್ಲ, ಮುಫ್ತಿಯನ್ನು ಹಣಿಯಲು ಒಂದು ನೆಪ ಬೇಕಾಗಿತ್ತು. ‘ಅಲ್ ಮನಾರ್’ ಪ್ರಶ್ನೆ ಕೇಳಿದವನ ಪಕ್ಷದಲ್ಲಿ ನಿಂತು, ಆಧಾರಸಹಿತವಾಗಿ ಸಂಚಿಕೆಯ ಮೇಲೆ ಸಂಚಿಕೆ ಬರೆಯಿತು.

ಇನ್ನೊಂದು ಪತ್ರದ ಕಥೆ ಇನ್ನೂ ದೊಡ್ಡದು. ಬೋರ್ನಿಯೋ ದ್ವೀಪದ ಸಂಬಸ್ ಎಂಬ ಪುಟ್ಟ ಸುಲ್ತಾನ ಪ್ರದೇಶದಲ್ಲಿ ಮುಹಮ್ಮದ್ ಬಸ್ಯೂನಿ ಇಮ್ರಾನ್ ಎಂಬ ಇಮಾಮರಿದ್ದರು. ಕೈರೋದಲ್ಲಿ ರಶೀದ್ ರಿಝಾರ ಬಳಿ ಕಲಿತು ಮರಳಿದ್ದ ಅವರು ಪತ್ರಿಕೆಯ ನಿಷ್ಠಾವಂತ ಓದುಗರು. ಮುಸ್ಲಿಮರು, ಅದರಲ್ಲೂ ಜಾವಾ ಮತ್ತು ಮಲಯ ನಾಡಿನ ನಾವು, ಏಕೆ ಹಿಂದುಳಿದೆವು? ಇತರರು ಏಕೆ ಮುಂದುವರಿದರು? ಇದಕ್ಕೆ ಅಮೀರ್ ಶಕೀಬ್ ಅರ್ಸಲಾನ್ ಉತ್ತರಿಸಬೇಕೆಂದು ತಮ್ಮ ಆಶಯ ಎಂದು ಅವರು ಸಂಪಾದಕರಿಗೆ ಬರೆದರು. ಇಲ್ಲಿ ರಶೀದ್ ರಿಝಾರ ನಡೆಯನ್ನು ಗಮನಿಸಬೇಕು. ಜಗತ್ತಿನ ಪ್ರಸಿದ್ಧ ಇಸ್ಲಾಮೀ ಸಂಪಾದಕರಾಗಿದ್ದ ಅವರು, ನನ್ನನ್ನು ಬಿಟ್ಟು ಬೇರೊಬ್ಬರಿಂದ ಉತ್ತರ ಬಯಸುವುದೇ ಎಂದು ಮುನಿಸಿಕೊಳ್ಳಲಿಲ್ಲ. ದೇಶಭ್ರಷ್ಟರಾಗಿ ಸ್ವಿಟ್ಜರ್ಲೆಂಡಿನಲ್ಲಿದ್ದ ಅರ್ಸಲಾನರಿಗೆ ಪತ್ರವನ್ನು ದಾಟಿಸಿದರು. ಅರ್ಸಲಾನ್ ಬರೆದ ದೀರ್ಘ ಉತ್ತರ 1930ರಲ್ಲಿ ಪ್ರಕಟವಾಗಿ ಪುಸ್ತಕವಾಯಿತು. ಅನೇಕ ಭಾಷೆಗಳಿಗೆ ಅನುವಾದಗೊಂಡಿತು. ಇಂದಿಗೂ ಅರಬ್ ಜಗತ್ತಿನ ಪುಸ್ತಕದಂಗಡಿಗಳಲ್ಲಿ ಸಿಗುವ ಆ ಕೃತಿಯ ಶೀರ್ಷಿಕೆಯೇ ಸಂಬಸ್‌ನ ಓದುಗನ ಪ್ರಶ್ನೆ. ಪತ್ರಗಳ ರಾಶಿಯಲ್ಲಿ ಅದೊಂದು ಕಾಗದ ಕಳೆದುಹೋಗಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಓದುಗರೆಲ್ಲರೂ ಬಸ್ಯೂನಿ ಇಮ್ರಾನರಂತೆ ವಿನಯಶೀಲರಲ್ಲ ಎಂಬ ಆಕ್ಷೇಪ ಸಹಜವೇ. ಸರ್ ಸಯ್ಯಿದ್ ಅಹ್ಮದ್ ಖಾನ್ 1870ರ ಡಿಸೆಂಬರಿನಲ್ಲಿ ‘ತಹ್‌ಝೀಬುಲ್ ಅಖ್ಲಾಕ್’ ಆರಂಭಿಸಿದಾಗ ಅವರನ್ನು ಖಂಡಿಸುವುದಕ್ಕಾಗಿಯೇ ಕಾನ್ಪುರದಿಂದ ‘ನೂರುಲ್ ಆಫಾಕ್’, ‘ನೂರುಲ್ ಅನ್ವಾರ್’ ಎಂಬ ಪತ್ರಿಕೆಗಳು ಹೊರಟವು. ಕಾಫಿರ್ ಎಂಬ ಫತ್ವಾಗಳು ಸಾಲದಾಗಿ, ಒಬ್ಬರು ಮಕ್ಕಾದವರೆಗೂ ಹೋಗಿ ಅಲ್ಲಿಂದಲೂ ಒಂದನ್ನು ತಂದರು. ಸರ್ ಸಯ್ಯಿದ್ ತಮ್ಮ ಪತ್ರಿಕೆಯಲ್ಲಿ ಇದಕ್ಕೆ ನಗುತ್ತಲೇ ಉತ್ತರಿಸಿದರು. ತನ್ನ ಕುಫ್ರ್‌ನಿಂದಾಗಿ ಒಬ್ಬರಿಗೆ ಹಜ್ಜ್ ಯಾತ್ರೆ ಲಭಿಸಿತಲ್ಲ ಎಂಬ ಧಾಟಿಯಲ್ಲಿ. ಅವರ ಧಾರ್ಮಿಕ ವ್ಯಾಖ್ಯಾನಗಳೊಂದಿಗೆ ನಮಗೆ ಗಂಭೀರ ಭಿನ್ನಾಭಿಪ್ರಾಯವಿದೆ, ಅಂದಿನ ಉಲಮಾಗಳ ಆತಂಕಕ್ಕೆ ಆಧಾರವೂ ಇತ್ತು. ಆದರೆ ಆ ಆತಂಕಕ್ಕೆ ಅವರು ಹಾಸ್ಯದಿಂದಷ್ಟೇ ಉತ್ತರಿಸಿ ಸುಮ್ಮನಾಗಲಿಲ್ಲ. ತಮ್ಮ ವೈಯಕ್ತಿಕ ನಂಬಿಕೆಗಳನ್ನು ಅಲೀಗಢದ ಕಾಲೇಜಿನ ವಿದ್ಯಾರ್ಥಿಗಳಿಗೆ ಕಲಿಸಲಾಗದು ಎಂದು ಒಪ್ಪಿಕೊಂಡು ಧಾರ್ಮಿಕ ಶಿಕ್ಷಣದಿಂದ ತಾವು ದೂರ ಸರಿದರು. ಮುಂದೆ ಆ ವಿಭಾಗದ ಹೊಣೆ ಹೊತ್ತವರು ಮೌಲಾನಾ ಅಬ್ದುಲ್ಲಾ ಅನ್ಸಾರಿ. ಅವರು ದೇವ್‌ಬಂದ್‌ನ ಸ್ಥಾಪಕರಾದ ಮೌಲಾನಾ ಖಾಸಿಮ್ ನಾನೌತವಿಯವರ ಅಳಿಯ. ಬೈಗುಳದೊಳಗೆ ಹುದುಗಿದ್ದ ನ್ಯಾಯವಾದ ಆತಂಕವನ್ನು ಹೆಕ್ಕಿ ತೆಗೆದು ಅದಕ್ಕೆ ಕೃತಿಯಲ್ಲಿ ಉತ್ತರ ಕೊಟ್ಟ ಉದಾಹರಣೆಯಿದು.

ಆದರೆ ನಮ್ಮ ಮನಸ್ಸನ್ನು ಹೆಚ್ಚು ಕಲಕುವುದು ಮೌಲಾನಾ ಅಶ್ರಫ್ ಅಲಿ ಥಾನವಿಯವರ ಉದಾಹರಣೆ. ಅವರನ್ನು ಸಂಪ್ರದಾಯಬದ್ಧ ವಿದ್ವಾಂಸರೆಂದು ಎಲ್ಲರೂ ಬಲ್ಲರು, ಸುಧಾರಣಾವಾದಿಗಳು ಅವರ ಹೆಸರೆತ್ತುವುದೇ ಕಡಿಮೆ. ಥಾನಾ ಭವನ್ ಎಂಬ ಸಣ್ಣ ಊರಿಗೆ ದೇಶದ ಮೂಲೆಮೂಲೆಗಳಿಂದ ಅವರಿಗೆ ಪತ್ರಗಳು ಬರುತ್ತಿದ್ದವು. ಬಂದ ಪತ್ರದ ಅಂಚಿನಲ್ಲೇ, ಒಂದೊಂದು ಪ್ರಶ್ನೆಯ ಪಕ್ಕದಲ್ಲಿ ಉತ್ತರ ಬರೆದು ಅದನ್ನೇ ಮರಳಿಸುವುದು ಅವರ ಪದ್ಧತಿ. ತಮ್ಮ ಫತ್ವಾದಲ್ಲಿ ದೋಷವಿದೆಯೆಂದು ಯಾರಾದರೂ, ಅವರು ಶಿಷ್ಯರಾಗಿರಲಿ, ಅಪರಿಚಿತರಾಗಿರಲಿ, ತೋರಿಸಿಕೊಟ್ಟು ಅದು ಸರಿಯೆನಿಸಿದರೆ ಹಳೆಯ ಅಭಿಪ್ರಾಯವನ್ನು ಹಿಂದೆಗೆದುಕೊಂಡು ಪ್ರಕಟಿಸುತ್ತಿದ್ದರು. ಅದಕ್ಕೆಂದೇ ‘ತರ್ಜೀಹುರ್ರಾಜಿಹ್’ ಎಂಬ ಪ್ರತ್ಯೇಕ ಸರಣಿಯಿತ್ತು. ತಿದ್ದುಪಡಿಗೊಂದು ಶಾಶ್ವತ ಅಂಕಣ!

ಅಂದಿನ ಪಂಜಾಬಿನಲ್ಲಿ ಒಂದು ದಾರುಣ ಪರಿಸ್ಥಿತಿಯಿತ್ತು. ಪತಿ ಕಾಣೆಯಾದ, ಜೀವನಾಂಶ ಕೊಡದ, ಹಿಂಸಿಸುವ, ಆದರೆ ತಲಾಖನ್ನೂ ನೀಡದ ಮಹಿಳೆಯರಿಗೆ ಬಿಡುಗಡೆಯ ದಾರಿಯಿರಲಿಲ್ಲ. ಬ್ರಿಟಿಷ್ ನ್ಯಾಯಾಲಯಗಳು ಅನುಸರಿಸುತ್ತಿದ್ದ ಹನಫೀ ನಿಯಮದಂತೆ ಕಾಣೆಯಾದವನ ಪತ್ನಿ ಆತನ ಸಮವಯಸ್ಕರೆಲ್ಲ ಸಾಯುವವರೆಗೆ ಕಾಯಬೇಕು. ಹತಾಶರಾದ ಹೆಣ್ಣುಮಕ್ಕಳು ಇಸ್ಲಾಮನ್ನೇ ತೊರೆದು, ಆ ಮೂಲಕ ವಿವಾಹ ರದ್ದಾಯಿತೆಂದು ನ್ಯಾಯಾಲಯದಿಂದ ಬಿಡುಗಡೆ ಪಡೆಯತೊಡಗಿದರು. ಅಲ್ಲಾಮಾ ಇಕ್ಬಾಲರೂ ತಮ್ಮ ಉಪನ್ಯಾಸದಲ್ಲಿ ಇದನ್ನು ಪ್ರಸ್ತಾಪಿಸಿ ವ್ಯಥೆಪಟ್ಟಿದ್ದಾರೆ. ಧರ್ಮ ತೊರೆದರೆ ವಿವಾಹ ರದ್ದಾಗುತ್ತದೆಂಬ ನಿಲುವು ಹಿಂದೆ ಸ್ವತಃ ಥಾನವಿಯವರದ್ದೂ ಆಗಿತ್ತು. ಆದರೆ ಆ ಮಹಿಳೆಯರ ಸ್ಥಿತಿಯನ್ನು ಮುಂದಿಟ್ಟು ಬಂದ ಪ್ರಶ್ನೆಗಳು ಅವರನ್ನು ಸುಮ್ಮನಿರಗೊಡಲಿಲ್ಲ. ಮದೀನಾದ ಮಾಲಿಕೀ ವಿದ್ವಾಂಸರಿಗೆ ಬರೆದು ಅಭಿಪ್ರಾಯ ತರಿಸಿಕೊಂಡರು. ತಮ್ಮ ಮದ್‌ಹಬ್‌ನ ಚೌಕಟ್ಟಿನಿಂದಾಚೆಗೆ ನೋಡಿ, 1930ರ ದಶಕದ ಆರಂಭದಲ್ಲಿ ‘ಅಲ್ ಹೀಲತುನ್ನಾಜಿಝ’ ಎಂಬ ಕೃತಿ ರಚಿಸಿದರು. ಅಸಹಾಯಕ ಪತ್ನಿಗೆ ನ್ಯಾಯಾಧೀಶರ ಮೂಲಕ ಬಿಡುಗಡೆಯ ದಾರಿಗಳನ್ನು ಅದು ತೋರಿಸಿತು. ಧರ್ಮತ್ಯಾಗದಿಂದ ವಿವಾಹ ರದ್ದಾಗದು ಎಂಬ ಹೊಸ ನಿಲುವನ್ನೂ ಅದರಲ್ಲಿ ತಳೆದರು. ಜಮೀಅತುಲ್ ಉಲಮಾದ ಪ್ರಯತ್ನದಿಂದ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡನೆಯಾಗಿ, ಅದರ ಕೆಲವು ಷರತ್ತುಗಳನ್ನು ಸರಕಾರ ಕೈಬಿಟ್ಟರೂ, 1939ರಲ್ಲಿ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆ ಬಂತು. ನಾಲ್ಕು ವರ್ಷ ಪತಿಯ ಸುಳಿವಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ನೀಡದಿದ್ದರೆ, ಕ್ರೌರ್ಯವೆಸಗಿದರೆ ಮಹಿಳೆ ನ್ಯಾಯಾಲಯದಿಂದ ವಿಚ್ಛೇದನ ಪಡೆಯಬಹುದು. ಇಂದಿಗೂ ನಮ್ಮ ಊರುಗಳ ಹೆಣ್ಣುಮಕ್ಕಳು ಆ ಕಾಯ್ದೆಯನ್ನು ಆಶ್ರಯಿಸುತ್ತಿದ್ದಾರೆ. ಅದರ ಮೂಲದಲ್ಲಿರುವುದು ತನ್ನ ಮುಂದೆ ಬಂದ ಪ್ರಶ್ನೆ ತನ್ನ ಉತ್ತರವನ್ನೇ ಬದಲಿಸಲು ಅವಕಾಶ ಕೊಟ್ಟ ಒಬ್ಬ ವಯೋವೃದ್ಧ ವಿದ್ವಾಂಸರು. ಈ ದೇಶದಲ್ಲಿ ವೈಯಕ್ತಿಕ ಕಾನೂನಿನ ಕುರಿತು ಗಂಟಲು ಹರಿಯುವಂತೆ ಚರ್ಚಿಸುವ ಎರಡೂ ಪಕ್ಷದವರು ಈ ಇತಿಹಾಸವನ್ನು ಓದಬೇಕು.

ಈಗ ನಮ್ಮ ನಾಡಿಗೆ ಬರೋಣ. ಕನ್ನಡದಲ್ಲಿ ಮುಸ್ಲಿಮ್ ಸಮಾಜದ ಒಳಬದುಕನ್ನು ಮಹಿಳೆಯರು ಬರೆಯತೊಡಗಿದಾಗ ನಾವು ಓದುಗರಾಗಿ ಹೇಗೆ ನಡೆದುಕೊಂಡೆವು? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಠ, ಬಲವಂತದ ತಲಾಖ್, ಮರಳಿ ಗಂಡನನ್ನು ಸೇರಲು ನಡುವೆ ಇನ್ನೊಂದು ಮದುವೆಯ ನಾಟಕ ಇವುಗಳ ನಡುವೆ ಸಿಕ್ಕಿಕೊಂಡ ನಾದಿರಾ ಎಂಬ ಹೆಣ್ಣಿನ ಕಥೆಯದು. ಆ ಕಾದಂಬರಿಗೆ ಕೊಡಬೇಕಾಗಿದ್ದ ಉತ್ತರ ನಮ್ಮಲ್ಲಿಯೇ ಇತ್ತು. ಮೊದಲೇ ಒಪ್ಪಂದ ಮಾಡಿಕೊಂಡು ಒಂದು ರಾತ್ರಿಯ ಮಟ್ಟಿಗೆ ನಡೆಸುವ ಮದುವೆಯನ್ನು ಪ್ರವಾದಿಯವರು(ಸ) ಶಪಿಸಿದ್ದಾರೆ. ಮಹಲ್ಲ್‌ಗಳಲ್ಲಿ ಅದಕ್ಕೆ ಕಣ್ಣುಮುಚ್ಚಿ ಕುಳಿತವರನ್ನು ಪ್ರಶ್ನಿಸಲು ಲೇಖಕಿಯ ಜೊತೆ ನಾವೂ ಮುಂದಾಗಬಹುದಿತ್ತು. ಇಸ್ಲಾಮನ್ನು ಲೇಖಕಿ ಚಿತ್ರಿಸಿದ ರೀತಿಯಲ್ಲಿ ನಮಗೆ ಒಪ್ಪಿಗೆಯಿಲ್ಲದ ಕಡೆಗಳಲ್ಲಿ ಸಭ್ಯವಾದ ಭಾಷೆಯಲ್ಲಿ ಬರೆದು ತಿಳಿಸಬಹುದಿತ್ತು. ಅದರ ಬದಲು ಸಮುದಾಯದ ಬಹುದೊಡ್ಡ ಭಾಗ ಪುಸ್ತಕವನ್ನು ಓದದೆಯೇ ಲೇಖಕಿಯನ್ನು ದೂರಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಬರೆದವರಲ್ಲಿ ಎಷ್ಟು ಮಂದಿ ಅವರ ಜೀವಿತಕಾಲದಲ್ಲಿ ಅವರಿಗೊಂದು ಪತ್ರ ಬರೆದಿದ್ದರು?

ಹಾಸನದ ಬಾನು ಮುಷ್ತಾಕ್ ಅವರ ಪ್ರಕರಣ ಇನ್ನೂ ಕಹಿಯಾದುದು. ಮಸೀದಿ ಪ್ರವೇಶಕ್ಕೆ ಮುಸ್ಲಿಮ್ ಮಹಿಳೆಯರಿಗೆ ಹಕ್ಕಿದೆ ಎಂದು ಪ್ರತಿಪಾದಿಸಿದ್ದಕ್ಕಾಗಿ 2000ನೇ ಇಸವಿಯಲ್ಲಿ ಅವರೂ ಅವರ ಕುಟುಂಬವೂ ಮೂರು ತಿಂಗಳ ಕಾಲ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಬೆದರಿಕೆಯ ಕರೆಗಳು ಬಂದವು. ಆಕೆ ಕೇಳಿದ್ದೇನು? ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿರೆಂಬ ಪ್ರವಾದಿವಚನವಿರುವ ಒಂದು ಸಮುದಾಯದೊಡನೆ, ಮಸೀದಿಗೆ ಬರಬಹುದೇ ಎಂದು ಕೇಳಿದ್ದು. ಮನೆಯ ನಮಾಝ್ ಶ್ರೇಷ್ಠವೆಂಬ ಅಭಿಪ್ರಾಯ ಉಳ್ಳವರು ಅದನ್ನು ಆಧಾರದೊಂದಿಗೆ ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ಎರಡು ಕಡೆಯ ಆಧಾರಗಳೂ ಅಚ್ಚಾಗಿದ್ದರೆ ಜನರು ಓದಿ ನಿರ್ಧರಿಸುತ್ತಿದ್ದರು. ಪುಟದ ಮೇಲೆ ಮುಗಿಯಬೇಕಾಗಿದ್ದ ಚರ್ಚೆ ಬೀದಿಗೆ ಬಂತು. 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ನಮಾಝಿಗಾಗಿ ಮಹಿಳೆಯರ ಮಸೀದಿ ಪ್ರವೇಶಕ್ಕೆ ಇಸ್ಲಾಮಿನಲ್ಲಿ ಅನುಮತಿಯಿದೆ ಎಂದು ತಿಳಿಸಿತು. ಹಾಸನದ ಮಹಿಳೆಗೆ ಇಪ್ಪತ್ತು ವರ್ಷ ಹಿಂದೆ ಕೊಡಬಹುದಾಗಿದ್ದ ಉತ್ತರವನ್ನು ನಾವು ದಿಲ್ಲಿಯ ನ್ಯಾಯಾಲಯಕ್ಕೆ ಕೊಟ್ಟೆವು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದದ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮವರೂ ಅಭಿಮಾನದಿಂದ ಅಭಿನಂದಿಸಿದರು. ಒಳ್ಳೆಯದೇ. ಆ ಕಥೆಗಳಲ್ಲಿರುವ ಮುತವಲ್ಲಿಗಳು, ಗಂಡಂದಿರು, ಮೂಲೆಗೊತ್ತಲ್ಪಟ್ಟ ಹೆಂಗಸರ ಕುರಿತು ನಮ್ಮ ಜಮಾಅತ್ ಸಭೆಗಳಲ್ಲಿ ಚರ್ಚೆ ನಡೆದರೆ ಅಭಿನಂದನೆಗೆ ಇನ್ನಷ್ಟು ತೂಕ ಬಂದೀತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಮ್ಮೊಳಗಿನ ನೋವುಗಳನ್ನು ಬಹಿರಂಗವಾಗಿ ಬರೆದರೆ, ಅದಕ್ಕೆ ಬಹಿರಂಗವಾಗಿ ಉತ್ತರಿಸಿದರೆ ಕೋಮುವಾದಿಗಳ ಕೈಗೆ ಆಯುಧ ಕೊಟ್ಟಂತಾಗುವುದಿಲ್ಲವೇ? ಈ ಭಯವನ್ನು ಹಗುರಾಗಿ ಕಾಣುವಂತಿಲ್ಲ. 2022ರಲ್ಲಿ ಇದೇ ಕರ್ನಾಟಕದಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಲಾಯಿತು, ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳನ್ನು ತಡೆಯಲಾಯಿತು, ಹಲಾಲ್ ವಿರುದ್ಧ ಪ್ರಚಾರ ನಡೆಯಿತು. ಇಂತಹ ವಾತಾವರಣದಲ್ಲಿ ತಲಾಖಿನ ದುರುಪಯೋಗದ ಕುರಿತು ಬಂದ ಪತ್ರವೊಂದನ್ನು ಅಚ್ಚು ಹಾಕಲು ಸಂಪಾದಕನ ಕೈ ನಡುಗುವುದು ಸಹಜ. ಮರುದಿನವೇ ಅದರ ಒಂದು ಸಾಲು ಯಾವುದೋ ದ್ವೇಷದ ಭಾಷಣದಲ್ಲಿ ಕಾಣಿಸಿಕೊಳ್ಳಬಹುದು. ಆದರೂ ನಾವು ಕೇಳಿಕೊಳ್ಳಬೇಕಾದುದಿಷ್ಟು: ಪತ್ರವನ್ನು ಮುಚ್ಚಿಟ್ಟಿದ್ದರಿಂದ ಆಕೆಯ ನೋವು ಮುಚ್ಚಿಹೋಯಿತೇ? ನಾವು ಉತ್ತರಿಸದ ಮಹಿಳೆ ಟಿವಿ ಚಾನೆಲ್‌ನ ಮುಂದೆ ಹೋದಳು. ಅಲ್ಲಿ ಆಕೆಯ ಕಣ್ಣೀರಿಗೆ ಬೇರೆಯವರು ಶೀರ್ಷಿಕೆ ಕೊಟ್ಟರು. ಒಂದೇ ಉಸಿರಿನ ಮೂರು ತಲಾಖ್ ಪಾಪವೆಂದು ನಮ್ಮ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಿದ್ದರೂ, ಅದಕ್ಕೆ ಗುರಿಯಾದವರ ಅಹವಾಲನ್ನು ಆಲಿಸಿ ನಾವೇ ಒಂದು ಪರಿಹಾರ ರೂಪಿಸದ ಕಾರಣ 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿತು. 2019ರಲ್ಲಿ ಸರಕಾರ ತನ್ನ ರಾಜಕೀಯ ಲೆಕ್ಕಾಚಾರದೊಂದಿಗೆ, ಪತಿಯನ್ನು ಮೂರು ವರ್ಷ ಜೈಲಿಗೆ ಕಳುಹಿಸಬಲ್ಲ ಕಾಯ್ದೆ ತಂದಿತು. ಆ ಕಾಯ್ದೆಯ ಉದ್ದೇಶವನ್ನು ಟೀಕಿಸುವ ಹಕ್ಕು ನಮಗಿದೆ, ಟೀಕಿಸಿದ್ದೇವೆ. 1939ರ ಹಿಂದಿನ ವರ್ಷಗಳಲ್ಲಿ ಉಲಮಾಗಳು ಮಾಡಿದ ಕೆಲಸವನ್ನು 2017ರ ಹಿಂದಿನ ವರ್ಷಗಳಲ್ಲಿ ಯಾರೂ ಮಾಡಲಿಲ್ಲ ಎಂಬುದೂ ಅಷ್ಟೇ ಸತ್ಯ.

ಬೆದರಿಕೆಯ ಪತ್ರಗಳಿಗೆ, ನಿಂದನೆಯಷ್ಟೇ ಇರುವ ಪತ್ರಗಳಿಗೆ ಉತ್ತರಿಸಬೇಕೆಂದು ನಾವು ಹೇಳುತ್ತಿಲ್ಲ. ಮೊದಲಿನದ್ದು ಪೊಲೀಸರಿಗೆ ಸೇರಿದ್ದು, ಎರಡನೆಯದ್ದಕ್ಕೆ ಮೌನವೇ ಸಾಕು. ಒಂದೇ ಮಸ್‌ಅಲಾವನ್ನು ಹಿಡಿದು ವರ್ಷಗಟ್ಟಲೆ ಬರೆಯುವ ಹವ್ಯಾಸಿಗಳೂ ಪ್ರತಿ ಊರಲ್ಲಿದ್ದಾರೆ. ಅವರನ್ನು ಸಂಪಾದಕರು ಪ್ರೀತಿಯಿಂದಲೇ ಸಹಿಸಿಕೊಂಡು ಬಂದಿದ್ದಾರೆ. ಆದರೆ ನಿಂದನೆಗೂ ತೀವ್ರ ಅಸಮ್ಮತಿಗೂ ವ್ಯತ್ಯಾಸವಿದೆ. ಗಾಂಧೀಜಿ 1909ರಲ್ಲಿ ‘ಹಿಂದ್ ಸ್ವರಾಜ್’ ಬರೆದಾಗ ಅದನ್ನು ವಾಚಕ ಮತ್ತು ಸಂಪಾದಕರ ಸಂವಾದದ ರೂಪದಲ್ಲಿಟ್ಟರು. ಅಲ್ಲಿನ ವಾಚಕ ಸಿಡುಕುತ್ತಾನೆ, ಸಂಪಾದಕನ ಮಾತಿಗೆ ಅಡ್ಡ ಹಾಕುತ್ತಾನೆ, ಸುಲಭವಾಗಿ ಮಣಿಯುವುದಿಲ್ಲ. ‘ಇಂಡಿಯನ್ ಒಪೀನಿಯನ್’ ನಡೆಸುವಾಗ ಬರುತ್ತಿದ್ದ ಪತ್ರಗಳು ಆ ವಾಚಕನನ್ನು ಅವರಿಗೆ ಪರಿಚಯಿಸಿದ್ದಿರಬೇಕು.

ಮೊಬೈಲ್ ಬಂದ ಮೇಲೆ ಲೇಖನ ಅಚ್ಚಾದ ಗಂಟೆಯೊಳಗೆ ಪ್ರತಿಕ್ರಿಯೆ ಬರುತ್ತದೆ, ಅಷ್ಟೇ ವೇಗದಲ್ಲಿ ಬರಹಗಾರನೂ ಮರುಮಾತು ಹೇಳಿಬಿಡುತ್ತಾನೆ. ನಾಲ್ಕು ಜನರ ನಡುವೆ ನಡೆದ ಆ ಜಗಳ ಸಂ‌ಜೆಯ ಹೊತ್ತಿಗೆ ನಾನೂರು ಜನರ ಕೈಯಲ್ಲಿರುತ್ತದೆ. ವಾರಪತ್ರಿಕೆಯ ಒಂದು ಭಾಗ್ಯವೆಂದರೆ ಅದಕ್ಕೆ ಏಳು ದಿನಗಳಿವೆ. ಕೋಪ ತಣಿಯಲು, ಗ್ರಂಥ ತೆರೆದು ನೋಡಲು, ತಿಳಿದವರೊಬ್ಬರನ್ನು ಕೇಳಲು ಅಷ್ಟು ಸಾಕು. ಉಲ್ಲೇಖದ ತಪ್ಪನ್ನು ತೋರಿಸಿದ ಪತ್ರಕ್ಕೆ ತಪ್ಪು ಅಚ್ಚಾದ ಪುಟದಲ್ಲೇ, ಅದೇ ಗಾತ್ರದ ಅಕ್ಷರಗಳಲ್ಲಿ ಸ್ಥಳ ಸಿಗಬೇಕು. ಹೆಣ್ಣುಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುವ ಮಂಡಳಿಯಲ್ಲಿ ದೀನ್ ಕಲಿತ ಮಹಿಳೆಯರೂ ಇರಬೇಕು; ಮಹಿಳಾ ಶರೀಅತ್ ಕಾಲೇಜುಗಳಲ್ಲಿ ಕಲಿತು ಹೊರಬಂದವರು ಈಗ ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ, ಅವರನ್ನು ಯಾರೂ ಕೇಳಿಲ್ಲವಷ್ಟೆ. ಆಕೆ ಬರೆದ ಪತ್ರದಲ್ಲಿ ಊರು, ಜಮಾಅತ್, ಪವನುಗಳ ಸಂಖ್ಯೆ ಹೀಗೆ ಗುರುತು ಹಿಡಿಯಬಹುದಾದುದೆಲ್ಲವನ್ನೂ ತೆಗೆದ ಮೇಲೆಯೂ ಪ್ರಶ್ನೆ ಉಳಿಯುತ್ತದೆ. ಉತ್ತರ ಕೊಡಬೇಕಾದದ್ದು ಅದಕ್ಕೇ. ವಿಳಾಸವಿಲ್ಲದ ಆ ತಾಯಿಗೆ ಅಂಚೆಯಲ್ಲಿ ಉತ್ತರ ಕಳುಹಿಸುವಂತಿಲ್ಲ. ಆಕೆಗೆ ತಲುಪುವ ಒಂದೇ ಜಾಗ ಪತ್ರಿಕೆಯ ಪುಟ. ಪ್ರತಿ ಸಂಚಿಕೆಯಲ್ಲಿ ಅರ್ಧ ಪುಟವನ್ನಾದರೂ ಅದಕ್ಕೆಂದು ತೆಗೆದಿಟ್ಟು, ಜಾಹೀರಾತು ಬಂದಾಗಲೂ ಅದನ್ನು ಮುಟ್ಟದಿರುವುದು ಸಾಧ್ಯವಿದೆ.